ಕಾಲು ಕೇಳುವ ಹೊತ್ತು

1978ರಿಂದ 2014ರವರೆಗೆ, ಅಂದರೆ 36 ವರ್ಷ, ಡೊಂಬಿವಲಿಯಿಂದ ಫೋರ್ಟಿನ ಬ್ಯಾಂಕೊಂದಕ್ಕೆ ಲೋಕಲ್ ಗಾಡಿಯಲ್ಲಿ ಹೋಗಿ ಬಂದವನು ನಾನು. ಅದರಲ್ಲಿ ಕುಳಿತು ಪ್ರಯಾಣ ಮಾಡಿದ ದಿನಗಳು ಬಹಳ ಕಡಿಮೆ. ನಿಂತೇ ಪತ್ರಿಕೆ ಓದಿದೆ, ನಿಂತೇ ತೂಕಡಿಸಿದೆ, ಬಡ್ತಿಯ ಪರೀಕ್ಷೆಗೂ ನಿಂತೇ ಓದಿಕೊಂಡೆ. ಮೇಲಿನ ಹಿಡಿಕೆಯನ್ನು ಮುಟ್ಟದೆ ಠಾಣೆಯಿಂದ ದಾದರ್‌ವರೆಗೆ ನಿಲ್ಲಬಲ್ಲೆ ಎಂಬುದು ನನ್ನ ಸಣ್ಣಪುಟ್ಟ ಅಹಂಕಾರಗಳಲ್ಲಿ ಒಂದಾಗಿತ್ತು. ಕವಿತೆ ಬರೆಯಲಾರದವನಿಗೆ ಇಂಥ ಅಹಂಕಾರಗಳಾದರೂ ಬೇಕಲ್ಲ!

ಆ ಅಹಂಕಾರ ಕಳೆದ ಜುಲೈ ತಿಂಗಳ ಒಂದು ಭಾನುವಾರ ಮುಲುಂಡ್ ದಾಟಿದೊಡನೆ ನೆಲಕ್ಕೆ ಬಿತ್ತು. ಮಾಟುಂಗಾದ ಮೈಸೂರು ಅಸೋಸಿಯೇಷನ್ನಿನಲ್ಲಿ ಮಿತ್ರರೊಬ್ಬರ ಪುಸ್ತಕ ಬಿಡುಗಡೆಯಿತ್ತು. ಮಾಟುಂಗಾದಲ್ಲಿ ಫಾಸ್ಟ್ ಗಾಡಿ ನಿಲ್ಲುವುದಿಲ್ಲವಾದ್ದರಿಂದ ಸ್ಲೋ ಗಾಡಿ ಹಿಡಿದೆ. ಭಾನುವಾರದ ಮಧ್ಯಾಹ್ನವಾದುದರಿಂದ ಡಬ್ಬಿ ಅರ್ಧ ಖಾಲಿ. ತರುಣನೊಬ್ಬ ಎದ್ದು ಜಾಗ ಕೊಟ್ಟ. ಬೇಡವೆಂದು ಕೈಯಾಡಿಸಿ, ಎರಡು ಬಾಗಿಲುಗಳ ನಡುವೆ, ಯಾವುದನ್ನೂ ಹಿಡಿಯದೆ, ಹಳೆಯ ಠೀವಿಯಲ್ಲಿ ನಿಂತೆ. ಅಂದು ಮೆಗಾ ಬ್ಲಾಕ್. ಮುಂಬಯಿಯ ಹೊರಗಿರುವ ಓದುಗರಿಗಾಗಿ ಹೇಳುತ್ತೇನೆ: ಹಳಿಗಳ ದುರಸ್ತಿಗೆಂದು ಭಾನುವಾರಗಳಂದು ಕೆಲವು ಗಂಟೆ ಒಂದು ಜೋಡಿ ಹಳಿಯನ್ನು ಮುಚ್ಚಿ, ಸ್ಲೋ ಗಾಡಿಗಳನ್ನು ಫಾಸ್ಟ್ ಹಳಿಗೆ ತಿರುಗಿಸುತ್ತಾರೆ. ನಮ್ಮ ಗಾಡಿ ಮುಲುಂಡಿನ ಬಳಿ ಹಾಗೆ ಹಳಿ ಬದಲಿಸಿತು. 36 ವರ್ಷದಲ್ಲಿ ಆ ಜಾಗದಲ್ಲಿ ನನ್ನ ಗಾಡಿ ಎಂದೂ ಹಾಗೆ ಪಕ್ಕಕ್ಕೆ ಹೊಯ್ದಾಡಿದ್ದು ನೆನಪಿಲ್ಲ. ನನಗೆ ಎಲ್ಲವೂ ಕಂಡಿತು. ಎದುರಿನ ಕಿಟಕಿ ಓರೆಯಾದದ್ದು, ಕಂಬ ನನ್ನಿಂದ ಒಂದು ಗೇಣು ದೂರದಲ್ಲಿದ್ದದ್ದು, ಬಲಗಾಲನ್ನು ಆಚೆಗೆ ಇಡಬೇಕೆಂದು ಅನ್ನಿಸಿದ್ದು. ಬಲಗಾಲು ಹೊರಟಿತು ಕೂಡ. ಆದರೆ ಅದು ಎಡಗಾಲಿಗೆ ತೊಡರಿಕೊಂಡಿತು. ಮಂಡಿಯೂರಿ ಬಿದ್ದೆ. ಜಾಗ ಕೊಟ್ಟ ಹುಡುಗನೇ ತೋಳು ಹಿಡಿದು ಎತ್ತಿ, “ಕಾಕಾ, ಸಾಂಭಾಳೂನ್” ಎಂದ. ದನಿಯಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಮನೆಯಲ್ಲಿ ಹೇಳಲಿಲ್ಲ. ಎರಡು ದಿನದ ಮೇಲೆ ಮಂಡಿಯ ನೀಲಿಯನ್ನು ಕಂಡ ಹೆಂಡತಿ ವಿಷಯ ಹೊರಡಿಸಿದಳು. ಮಗ ಫೋನಿನಲ್ಲಿ, “ಅಪ್ಪಾ, ಇನ್ನು ಮಾಟುಂಗಾ ಗೀಟುಂಗಾ ಸಾಕು. ಹೋಗಲೇಬೇಕೆಂದರೆ ಟ್ಯಾಕ್ಸಿ ಮಾಡಿಕೊಂಡು ಹೋಗಿ” ಎಂದ. ಡೊಂಬಿವಲಿಯಿಂದ ಮಾಟುಂಗಾಕ್ಕೆ ಟ್ಯಾಕ್ಸಿಯೆಂದರೆ, ಪಿಂಚಣಿದಾರನ ಲೆಕ್ಕದಲ್ಲಿ, ಹೋಗಬೇಡಿ ಎಂದೇ ಅರ್ಥ. ಹೋಗದಿದ್ದರೆ ಮನೆಯಾಚೆ ನಾನು ಕನ್ನಡದಲ್ಲಿ ಮಾತಾಡುವುದು ಯಾರೊಡನೆ? ಆ ಕಾರಣಕ್ಕಾಗಿಯೇ, ಹೆಂಡತಿಯ ಮಾತಿಗೆ ಒಪ್ಪಿ, ಅಂಗಮರ್ದನದ ಚಿಕಿತ್ಸಾಲಯ ಎಂದು ನಾನು ಅಷ್ಟು ದಿನ ಹಗುರವಾಗಿ ಮಾತಾಡುತ್ತಿದ್ದ ಫಿಸಿಯೋಥೆರಪಿಗೆ ಹೋದೆ.

ಆಕೆ ನನ್ನ ಮಗಳಾಗಬಹುದಾದ ವಯಸ್ಸಿನವಳು. ಮೊದಲು ಪಾದ ಜೋಡಿಸಿ ನಿಲ್ಲಿಸಿದಳು. ಆಮೇಲೆ ಕಣ್ಣು ಮುಚ್ಚಿಸಿದಳು. ಹತ್ತೊಂಬತ್ತನೆಯ ಶತಮಾನದಲ್ಲಿ ಬರ್ಲಿನ್ನಿನ ವೈದ್ಯ ಮೊರಿಟ್ಸ್ ರೋಂಬರ್ಗ್ ಹೆಸರಿನಲ್ಲಿ ಬಂದ ಪರೀಕ್ಷೆಯಂತೆ ಇದು. ಅದರಲ್ಲಿ ತೇರ್ಗಡೆಯಾದೆ. ಬಳಿಕ ಮೆತ್ತನೆಯ ಸ್ಪಂಜಿನ ಮೇಲೆ ನಿಲ್ಲಿಸಿ ಕಣ್ಣು ಮುಚ್ಚಿಸಿದಾಗ ಗಾಳಿಗೆ ಸಿಕ್ಕಿದ ಅಡಿಕೆ ಮರದಂತಾದೆ. ಒಂಟಿಕಾಲಿನಲ್ಲಿ, ಎಡಕ್ಕೆ 6 ಸೆಕೆಂಡು, ಬಲಕ್ಕೆ 4. ಕೊನೆಗೆ ಬೆನ್ನ ಹಿಂದೆ ನಿಂತು, ಮೊದಲೇ ತಿಳಿಸಿ, ಭುಜ ಹಿಡಿದು ಹಿಂದಕ್ಕೆ ಎಳೆದಳು. ಒಂದು ಹೆಜ್ಜೆಯಲ್ಲಿ ಸುಧಾರಿಸಿಕೊಳ್ಳಬೇಕಾದವನು ನಾಲ್ಕು ಪುಟ್ಟ ಹೆಜ್ಜೆ ಹಿಂದಕ್ಕೆ ಓಡಿ ಅವಳ ಕೈಗೇ ಒರಗಿದೆ. ಅವಳು ಬರೆದುಕೊಂಡು, “ಕಾಕಾ, ನಿಮ್ಮ ಕಾಲಿನಲ್ಲಿ ಬಲವಿದೆ. ಬಲ ಬರುವುದು ಸ್ವಲ್ಪ ತಡ” ಎಂದಳು ಮರಾಠಿಯಲ್ಲಿ.

ಆ ಮಾತು ಕೇಳಿದ್ದೇ ತಡ, ನನಗೆ ಅಮ್ಮ ನೆನಪಾದಳು. ಈ ಬರಹ ನಿಜಕ್ಕೂ ಅವಳನ್ನು ಕುರಿತದ್ದು. ನನ್ನ ಮಂಡಿಯ ಕಥೆ ಅಲ್ಲಿಗೆ ಹೋಗುವ ದಾರಿ ಮಾತ್ರ.

ಕುಂದಾಪುರದ ಒಳನಾಡಿನಲ್ಲಿ ನಮ್ಮ ಮನೆ ಹೊಳೆಯಾಚೆ. ಮಳೆಗಾಲದಲ್ಲಿ ಹೊರಜಗತ್ತಿಗೂ ನಮಗೂ ಇದ್ದ ಸಂಬಂಧವೆಂದರೆ ಕಾಲುಸಂಕ. ಎರಡು ಅಡಿಕೆ ಮರದ ಕಾಂಡಗಳನ್ನು ಜೋಡಿಸಿ ಬಿಗಿದದ್ದು, ಹಿಡಿದುಕೊಳ್ಳಲು ಒಂದು ಬಿದಿರಿನ ಅಡ್ಡೆ. ಆ ಅಡ್ಡೆ ಆಷಾಢದ ಹೊತ್ತಿಗೆ ಕೊಳೆತು ಹೆಸರಿಗೆ ಮಾತ್ರ ಉಳಿದಿರುತ್ತಿತ್ತು. ಅಮ್ಮ ತಲೆಯ ಮೇಲೆ ಹುಲ್ಲಿನ ಹೊರೆಯಿಟ್ಟುಕೊಂಡು, ಕೆಳಗೆ ಕೆಂಪು ನೀರು ಬೊಬ್ಬಿರಿಯುತ್ತಿರುವಾಗ, ಎರಡೂ ಕೈ ಬಿಟ್ಟು ಅದನ್ನು ದಾಟುತ್ತಿದ್ದಳು. ಶಾಲೆಯ ಚೀಲ ಹಿಡಿದು ಹೆದರುತ್ತಿದ್ದ ನಮಗೆ ಆಚೆ ದಡದಿಂದ, “ನೀರ್ ಕಾಣ್ಬೇಡ, ಮುಂದ್ ಕಾಣ್” ಎಂದು ಕೂಗುತ್ತಿದ್ದಳು.

ಅಪ್ಪ ತೀರಿಕೊಂಡ ಮೇಲೆ ಅಮ್ಮನನ್ನು ಡೊಂಬಿವಲಿಗೆ ಕರೆತಂದೆ. ಒಂದು ಕೋಣೆ, ಒಂದು ಅಡುಗೆಮನೆಯ ಬ್ಲಾಕು. ಆಗ ನಮ್ಮ ಕಟ್ಟಡಕ್ಕೆ ನಳ್ಳಿಯ ನೀರು ಬರುತ್ತಿದ್ದದ್ದು ಬೆಳಗಿನ ಜಾವ ನಾಲ್ಕು ಗಂಟೆಗೆ. ಸೊಸೆ ಇನ್ನರ್ಧ ಗಂಟೆ ಮಲಗಲಿ ಎಂದು, ದೀಪ ಹಾಕಿದರೆ ಮಕ್ಕಳಿಗೆ ಎಚ್ಚರವಾದೀತೆಂದು, ಅಮ್ಮ ಕತ್ತಲಲ್ಲೇ ಎದ್ದು ಪೀಪಾಯಿ ತುಂಬಿಸುತ್ತಿದ್ದಳು. 1997ರ ಆಗಸ್ಟಿನಲ್ಲಿ ಒಂದು ದಿನ ಬಚ್ಚಲಿನ ಹೊಸ್ತಿಲ ಬಳಿ ಬಿದ್ದಳು. ಸದ್ದಿಗೆ ಎದ್ದು ಓಡಿ ಬಂದ ನಾನು ಆಡಿದ ಮೊದಲ ಮಾತು, “ನೋಡಿಕೊಂಡು ನಡೆಯಬಾರದೇನಮ್ಮಾ?” ಅವಳು ನೆಲದಲ್ಲಿದ್ದೇ, ನೋವಿಗಿಂತ ಹೆಚ್ಚಾಗಿ ಅಚ್ಚರಿಯಿಂದ ಎಂಬಂತೆ, ಹೇಳಿದಳು: “ಕಂಡಿದ್ದೆ ಮಗಾ, ಕಾಲ್ ಕೇಣ್ಲಿಲ್ಲೆ.” ನೋಡಿದ್ದೆ, ಕಾಲು ಮಾತು ಕೇಳಲಿಲ್ಲ.

ತೊಡೆಯೆಲುಬಿನ ಮೇಲ್ತುದಿ ಮುರಿದಿತ್ತು. ಶಸ್ತ್ರಚಿಕಿತ್ಸೆಯಾಯಿತು, ಆದರೆ ಹಾಸಿಗೆ ಬಿಟ್ಟು ಏಳಲಿಲ್ಲ. ಎದೆಯಲ್ಲಿ ಕಫ ಕಟ್ಟಿ, ದೀಪಾವಳಿಗೆ ಮೊದಲೇ ಹೋದಳು. ಅವಳ ಆ ಮಾತನ್ನು ನಾನು ಮುದುಕಿಯ ಸಬೂಬು ಎಂದೇ ಇಪ್ಪತ್ತೆಂಟು ವರ್ಷ ನಂಬಿದ್ದೆ.

ಅಷ್ಟು ಎತ್ತರದ ಸಂಕವನ್ನು ಹೊರೆ ಹೊತ್ತು ದಾಟಿದವಳು ಸಮತಟ್ಟಾದ ನೆಲದಲ್ಲಿ ಏಕೆ ಬಿದ್ದಳು? ಈ ಪ್ರಶ್ನೆಯನ್ನು ಹಿಡಿದುಕೊಂಡು ಕಳೆದ ಕೆಲವು ತಿಂಗಳಿನಿಂದ ಸಿಕ್ಕಿದ್ದನ್ನೆಲ್ಲ ಓದಿದೆ. ವಿಜ್ಞಾನ ನನ್ನ ವಿಷಯವಲ್ಲ. ಲೆಕ್ಕದ ಪುಸ್ತಕಗಳ ನಡುವೆ ಬದುಕಿದವನು. ಆದರೂ ತಿಳಿದುಕೊಂಡಷ್ಟನ್ನು ಹೇಳುತ್ತೇನೆ.

ಮೊದಲನೆಯದಾಗಿ, ನಾವು ಯಾರೂ ಎಂದೂ ನಿಶ್ಚಲವಾಗಿ ನಿಲ್ಲುವುದಿಲ್ಲ. ನಿಂತ ದೇಹ ಕಣಕಾಲಿನ ಕೀಲಿನ ಮೇಲೆ ತಲೆಕೆಳಗಾಗಿಟ್ಟ ಲೋಲಕದಂತೆ ಸದಾ ಹಿಂದೆ ಮುಂದೆ ಓಲಾಡುತ್ತಿರುತ್ತದೆ. ಬೀಳತೊಡಗುವುದು, ತಡೆದುಕೊಳ್ಳುವುದು, ಮತ್ತೆ ಬೀಳತೊಡಗುವುದು, ಇದನ್ನೇ ನಾವು ನಿಲ್ಲುವುದು ಎಂದು ಕರೆಯುತ್ತೇವೆ. ಬೀಳುತ್ತಿದ್ದೇವೆಂಬ ಸುದ್ದಿ ಮೂರು ಕಡೆಯಿಂದ ಬರುತ್ತದೆ: ಕಣ್ಣು, ಒಳಕಿವಿ, ಅಂಗಾಲು ಮತ್ತು ಕೀಲುಗಳು. ಒಳಕಿವಿಯ ವ್ಯವಸ್ಥೆ ವಿಸ್ಮಯಕಾರಿ. ತಲೆಯ ತಿರುಗಾಟವನ್ನು ಅಳೆಯುವ ಮೂರು ಬಾಗಿದ ನಾಳಗಳು. ತಲೆಯ ಓರೆಯನ್ನೂ ನೇರ ಚಲನೆಯನ್ನೂ ಅಳೆಯುವ, ಸುಣ್ಣದ ಸೂಕ್ಷ್ಮ ಹರಳುಗಳನ್ನು ಹೊತ್ತ ಎರಡು ಪುಟ್ಟ ಚೀಲಗಳು. ವಯಸ್ಸಾದಂತೆ ಅಲ್ಲಿನ ರೋಮಕೋಶಗಳು ಕಡಿಮೆಯಾಗುತ್ತವೆ, ಅಂಗಾಲಿನ ಸ್ಪರ್ಶ ಮಂದವಾಗುತ್ತದೆ, ಸಕ್ಕರೆ ಕಾಯಿಲೆಯಿದ್ದರೆ ಇನ್ನೂ ಬೇಗ. ಆಗ ಕಣ್ಣಿನ ಮೇಲೆ ಭಾರ ಹೆಚ್ಚು. ಕತ್ತಲಲ್ಲಿ ಅದೂ ಇಲ್ಲ. ನಾಲ್ಕು ಗಂಟೆಯ ಕತ್ತಲಲ್ಲಿ, ಪೊರೆ ಬಂದ ಕಣ್ಣಿನ, ನೀರಿನಲ್ಲಿ ನೆನೆದ ಕಾಲಿನ ಅಮ್ಮನಿಗೆ ಉಳಿದದ್ದು ಒಳಕಿವಿಯೊಂದೇ.

ಆದರೆ ಸುದ್ದಿ ಮುಟ್ಟುವುದು ಅರ್ಧ ಕೆಲಸ. ಉಳಿದರ್ಧ ಕಾಲಿನದು. 1970ರ ದಶಕದಲ್ಲಿ ಅಮೆರಿಕದ ಲೂಯಿಸ್ ನ್ಯಾಶ್ನರ್ ಎಂಬ ವಿಜ್ಞಾನಿ ಜನರನ್ನು ಒಂದು ಹಲಗೆಯ ಮೇಲೆ ನಿಲ್ಲಿಸಿ, ಆ ಹಲಗೆಯನ್ನು ತಟಕ್ಕನೆ ಸರಿಸಿ, ಅವರ ಸ್ನಾಯುಗಳಲ್ಲಿ ಯಾವುದು ಯಾವಾಗ ಬಿಗಿಯುತ್ತದೆಂದು ವಿದ್ಯುತ್ ಸಂಕೇತಗಳಿಂದ ಅಳೆಯತೊಡಗಿದರು. ಓದುವಾಗ ನನಗೆ ನಗು ಬಂತು. ಇಂಥ ಹಲಗೆಯ ಮೇಲೆ ಮುಂಬಯಿಯ ಲಕ್ಷಾಂತರ ಜನ ದಿನಕ್ಕೆರಡು ಸಲ ಹಣ ಕೊಟ್ಟು ನಿಲ್ಲುತ್ತಾರೆ! ಹಲಗೆ ಹಿಂದಕ್ಕೆ ಸರಿದು ದೇಹ ಮುಂದಕ್ಕೆ ವಾಲಿದಾಗ, ತರುಣರಲ್ಲಿ ಸುಮಾರು 100 ಮಿಲಿಸೆಕೆಂಡಿನೊಳಗೆ ಮೊದಲು ಮೀನಖಂಡ ಬಿಗಿಯುತ್ತದೆ, ಅದರ ಬೆನ್ನಿಗೇ ತೊಡೆಯ ಹಿಂಭಾಗ, ಆಮೇಲೆ ಬೆನ್ನು. ಕೆಳಗಿನಿಂದ ಮೇಲಕ್ಕೆ, ಗದ್ದೆಯಿಂದ ಗದ್ದೆಗೆ ನೀರು ಬಿಟ್ಟ ಹಾಗೆ ಒಂದು ಕ್ರಮ. ಸೆಕೆಂಡಿನ ಹತ್ತನೆಯ ಒಂದು ಭಾಗ! ‘ಬೀಳುತ್ತಿದ್ದೇನೆ, ಕಾಲು ಊರಬೇಕು’ ಎಂದು ಯೋಚಿಸಲು ಹಿಡಿಯುವ ಕಾಲ ಇದಕ್ಕಿಂತ ಹೆಚ್ಚು. ಎಂದರೆ, ನಮ್ಮನ್ನು ಉಳಿಸುವ ಕೆಲಸ ನಮ್ಮ ಯೋಚನೆಗೆ ಮೊದಲೇ ಮುಗಿದಿರುತ್ತದೆ.

1986ರಲ್ಲಿ ಮಾರ್ಜರಿ ವುಲಕಾಟ್, ಆನ್ ಶಮ್‌ವೇ-ಕುಕ್ ಮತ್ತು ನ್ಯಾಶ್ನರ್ ಸೇರಿ ಇದನ್ನೇ ವಯಸ್ಸಾದವರಲ್ಲಿ ಪರೀಕ್ಷಿಸಿ ಪ್ರಕಟಿಸಿದರು. ಅಂದಿನಿಂದ ಹಲವರು ಅದನ್ನು ಮುಂದುವರಿಸಿದ್ದಾರೆ. ಒಟ್ಟು ಸಾರ ಇಷ್ಟು. ಮುಪ್ಪಿನಲ್ಲಿ ಸ್ನಾಯುವಿನ ಉತ್ತರ ತಡವಾಗುತ್ತದೆ, ಅದೂ ಹತ್ತಿಪ್ಪತ್ತು ಮಿಲಿಸೆಕೆಂಡುಗಳಷ್ಟೇ. ಕೆಲವರಲ್ಲಿ ಕ್ರಮ ತಪ್ಪುತ್ತದೆ, ಕೆಳಗಿನದಕ್ಕಿಂತ ಮೇಲಿನದು ಮೊದಲು ಎಚ್ಚರಗೊಳ್ಳುತ್ತದೆ. ಕಾಲಿನ ಮುಂದಿನ ಸ್ನಾಯು, ಹಿಂದಿನ ಸ್ನಾಯು ಸರದಿ ಬಿಟ್ಟು ಏಕಕಾಲಕ್ಕೆ ಬಿಗಿದು ಕಾಲು ಮರದ ಕೊರಡಾಗುತ್ತದೆ. ಇದರ ಜೊತೆಗೆ ಸ್ನಾಯುವಿನ ಎಳೆಗಳಲ್ಲಿ ವೇಗದವು, ನಿಧಾನದವು ಎಂದು ಎರಡು ಬಗೆ. ಮುಪ್ಪು ಮೊದಲು ಕ್ಷೀಣಿಸುವುದು ವೇಗದವನ್ನು. ಗೋಧಿ ಮೂಟೆ ಎತ್ತುವ ಬಲ ಉಳಿದಿದ್ದರೂ ಆ ಬಲವನ್ನು ತಟ್ಟನೆ ಒದಗಿಸುವ ಶಕ್ತಿ ಅದಕ್ಕೂ ಬೇಗ ಇಳಿದಿರುತ್ತದೆ. ‘ಬಲವಿದೆ, ಬರುವುದು ತಡ’ ಎಂದು ಆ ಹುಡುಗಿ ಹೇಳಿದ್ದು ಇದನ್ನೇ. ‘ಕಾಲು ಕೇಳಲಿಲ್ಲ’ ಎಂದು ಅಮ್ಮ ಹೇಳಿದ್ದೂ ಇದನ್ನೇ. ಹತ್ತು ಪುಟಗಳ ಸಂಶೋಧನೆಯನ್ನು ಮೂರು ಮಾತಿನಲ್ಲಿ, ನೆಲದ ಮೇಲೆ ಬಿದ್ದುಕೊಂಡು, ಹೇಳಿದ್ದಳು. ನಾನು ಅವಳಿಗೆ ಕಣ್ಣಿನ ಉಪದೇಶ ಮಾಡುತ್ತಿದ್ದೆ.

ಕಾಲುಸಂಕದ ಉತ್ತರವೂ ಒಂದಿಷ್ಟು ಸಿಕ್ಕಿತು. ಅದೇ 1986ರಲ್ಲಿ ಫೇ ಹೋರಕ್ ಮತ್ತು ನ್ಯಾಶ್ನರ್ ಜನರನ್ನು ಪಾದಕ್ಕಿಂತ ಅಗಲ ಕಡಿಮೆಯಿರುವ ತೊಲೆಯ ಮೇಲೆ ನಿಲ್ಲಿಸಿ ನೋಡಿದರು. ಅಗಲವಾದ ನೆಲದಲ್ಲಿ ಕಣಕಾಲಿನಿಂದ ತೂಕ ಸರಿಪಡಿಸಿಕೊಳ್ಳುವ ದೇಹ, ತೊಲೆಯ ಮೇಲೆ ಸೊಂಟದಿಂದ ಸರಿಪಡಿಸಿಕೊಳ್ಳುತ್ತದೆ. ಕೆಲವು ಸಲದ ಅಭ್ಯಾಸದಲ್ಲೇ ಅದನ್ನು ಕಲಿತುಬಿಡುತ್ತದೆ. ಪ್ರಯೋಗದ ತೊಲೆ ಪಾದಕ್ಕೆ ಅಡ್ಡ, ನಮ್ಮ ಸಂಕ ಪಾದದ ಉದ್ದಕ್ಕೆ. ಹೋಲಿಕೆ ಪೂರ್ತಿಯಲ್ಲ. ಆದರೆ ಹೊರೆಯ ಕೆಳಗೆ ಕುತ್ತಿಗೆ ಕದಲದೆ ಸೊಂಟವೊಂದೇ ಬಳುಕುತ್ತಿದ್ದ ಅಮ್ಮನ ನಡಿಗೆ ನನ್ನ ಕಣ್ಣಿಗೆ ಕಟ್ಟಿದಂತಿದೆ. ಜೊತೆಗೆ, ಸಂಕದ ಮೇಲೆ ಪ್ರತಿ ಹೆಜ್ಜೆಗೂ ಅಪಾಯ ಮೊದಲೇ ಗೊತ್ತಿತ್ತು. ದೇಹ ಸಿದ್ಧವಾಗಿತ್ತು. ಬಚ್ಚಲಿನ ಹೊಸ್ತಿಲು ಹೇಳಿ ಕೇಳಿ ಬರಲಿಲ್ಲ.

ಇಲ್ಲಿಯೇ ನನ್ನ ಲೋಕಲ್ ಗಾಡಿಯ ಪಾಂಡಿತ್ಯದ ಗುಟ್ಟೂ ರಟ್ಟಾಯಿತು. ಆ ದಿನಗಳಲ್ಲಿ ನಮ್ಮ ಫಾಸ್ಟ್ ಗಾಡಿ ಮುಂಬ್ರಾದ ಬಳಿ ಪಾರ್ಸಿಕ್ ಸುರಂಗದೊಳಗಿಂದ ಹೋಗುತ್ತಿತ್ತು. ಸುರಂಗದ ಬಾಯಿ, ಠಾಣೆಯ ಖಾಡಿಯ ಸೇತುವೆ, ಕುರ್ಲಾದ ಹಳಿಗಳ ಜಾಲ, ಎಲ್ಲಿ ಬ್ರೇಕು, ಎಲ್ಲಿ ಎಳೆತ, ಎಲ್ಲವೂ ಕಾಲಿಗೆ ಬಾಯಿಪಾಠವಾಗಿತ್ತು. ಗಾಡಿ ವಾಲುವ ಮೊದಲೇ ನಾನು ಎದುರು ದಿಕ್ಕಿಗೆ ವಾಲಿರುತ್ತಿದ್ದೆ. ಅದು ಸಮತೋಲನಕ್ಕಿಂತ ಹೆಚ್ಚಾಗಿ ನೆನಪು. ಮೆಗಾ ಬ್ಲಾಕ್ ಆ ನೆನಪಿನ ಪಾಠವನ್ನೇ ಬದಲಿಸಿತು. ಇನ್ನೊಂದು ಸತ್ಯ ಇನ್ನೂ ಕಹಿ. ನಮ್ಮ ರೈಲಿನವರ ಭಾಷೆಯಲ್ಲಿ ‘ಸೂಪರ್ ಡೆನ್ಸ್ ಕ್ರಶ್ ಲೋಡ್’ ಎಂಬ ಒಂದು ಮಾತಿದೆ. ಒಂದು ಚದರ ಮೀಟರ್ ಜಾಗದಲ್ಲಿ 14ರಿಂದ 16 ಜನ ನಿಂತಿರುವ ಸ್ಥಿತಿ. ಬೆಳಗಿನ ಎಂಟೂವರೆಯ ಗಾಡಿಯಲ್ಲಿ ಯಾರೂ ಬೀಳುವುದಿಲ್ಲ, ಬೀಳಲು ಜಾಗವಿದ್ದರಲ್ಲವೆ? 36 ವರ್ಷ ನನ್ನನ್ನು ನಿಲ್ಲಿಸಿದ್ದು ಹಿಂದೆ ಮುಂದೆ ಒತ್ತಿಕೊಂಡಿದ್ದ ಹೆಸರು ತಿಳಿಯದ ಹೆಗಲುಗಳು. ನಿವೃತ್ತಿಯ ಮೇಲೆ ಖಾಲಿ ಡಬ್ಬಿಯಲ್ಲಿ ಮೊದಲ ಬಾರಿಗೆ ನಾನೊಬ್ಬನೇ ನಿಂತೆ, ಬಿದ್ದೆ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ 6,84,000 ಜನ ಬಿದ್ದು ಸಾಯುತ್ತಾರೆ. ರಸ್ತೆ ಅಪಘಾತವನ್ನು ಬಿಟ್ಟರೆ ಆಕಸ್ಮಿಕ ಗಾಯದ ಸಾವುಗಳಲ್ಲಿ ಇದೇ ದೊಡ್ಡದು. ಆದರೂ ನಮ್ಮಲ್ಲಿ ಇದಕ್ಕೊಂದು ಕಾಯಿಲೆಯ ಗೌರವವಿಲ್ಲ. ಸಕ್ಕರೆ, ರಕ್ತದೊತ್ತಡವನ್ನು ಅಳೆಸಿಕೊಳ್ಳುತ್ತೇವೆ, ನಿಲ್ಲುವುದನ್ನು ಅಳೆಸಿಕೊಳ್ಳುವುದಿಲ್ಲ. ಮುಪ್ಪಿನ ಚಿಹ್ನೆಗಳನ್ನು ಒಂದೊಂದಾಗಿ ಹೇಳಿದ ಬಸವಣ್ಣನವರು ಊರುಗೋಲನ್ನು ಮರೆಯಲಿಲ್ಲ. ನಾವು ಮಾತ್ರ ಕೂದಲಿಗೆ ಬಣ್ಣ ಹಚ್ಚಿ ಕೋಲನ್ನು ಕಪಾಟಿನಲ್ಲಿಡುತ್ತೇವೆ. 2022ರಲ್ಲಿ ಬ್ರೆಜಿಲ್ಲಿನ ಅಧ್ಯಯನವೊಂದು, ಒಂಟಿಕಾಲಿನಲ್ಲಿ 10 ಸೆಕೆಂಡು ನಿಲ್ಲಲಾರದ ನಡುವಯಸ್ಸಿನವರಲ್ಲೂ ಹಿರಿಯರಲ್ಲೂ ಮುಂದಿನ ವರ್ಷಗಳ ಸಾವು ಹೆಚ್ಚೆಂದು ಹೇಳಿದಾಗ ಅದು ವಾಟ್ಸಾಪಿನಲ್ಲಿ ಹರಿದಾಡಿ, ನಮ್ಮ ಕಟ್ಟಡದ ಹಿರಿಯರೆಲ್ಲ ಒಂದು ವಾರ ಅಂಗಳದಲ್ಲಿ ಕೊಕ್ಕರೆಗಳಾಗಿ ನಿಂತಿದ್ದರು. ನಾನು ಮಹಡಿಯಿಂದ ನೋಡಿ ನಕ್ಕಿದ್ದೆ. ನಿಲ್ಲಲಾರದ್ದೇ ಸಾವಿಗೆ ಕಾರಣವೆಂದು ಆ ಅಧ್ಯಯನ ಸಾಧಿಸಿಲ್ಲ, ಅದು ನಿಜ. ಆದರೆ ನಾನು ನಕ್ಕಿದ್ದು ಆ ಕಾರಣಕ್ಕಲ್ಲ.

ಬಿದ್ದವರಿಗೆ ಎಲ್ಲರೂ ಹೇಳುವುದು ‘ಇನ್ನು ಓಡಾಟ ಕಡಿಮೆ ಮಾಡಿ’ ಎಂದು. ಓಡಾಟ ಕಡಿಮೆಯಾದರೆ ಸ್ನಾಯು ಮತ್ತಷ್ಟು ಕರಗುತ್ತದೆ. ಹೆದರಿಕೆಯಿಂದ ದೇಹ ಬಿಗಿದುಕೊಂಡು ನಡೆಯುವವನು ಇನ್ನೂ ಬೇಗ ಬೀಳುತ್ತಾನೆ. ಒಳ್ಳೆಯ ಸುದ್ದಿಯೆಂದರೆ, ಈ ತಡವನ್ನು ಪೂರ್ತಿ ಹಿಂದಕ್ಕೆ ತಿರುಗಿಸಲಾಗದಿದ್ದರೂ ಕಾಲಿಗೆ ಮತ್ತೆ ಪಾಠ ಹೇಳಬಹುದು. ಚಿಕಾಗೋದ ಸಂಶೋಧಕರು ವಯಸ್ಸಾದವರನ್ನು ಮೇಲಿನಿಂದ ಪಟ್ಟಿ ಕಟ್ಟಿ ಕಾಪಾಡಿಕೊಂಡು, ಬೇಕೆಂದೇ ಜಾರಿಸಿ, ಜಾರಿಸಿ, ಅಭ್ಯಾಸ ಮಾಡಿಸಿದ್ದಾರೆ. ಒಂದೇ ದಿನದ ಅಭ್ಯಾಸದ ಗುಣ ತಿಂಗಳುಗಟ್ಟಲೆ ಉಳಿದದ್ದನ್ನು ಕಂಡಿದ್ದಾರೆ. ನಮ್ಮ ಹುಡುಗಿಯ ಬಳಿ ಅಂಥ ಯಂತ್ರವಿಲ್ಲ. ಅವಳು ಹೇಳಿದ್ದು ಕುರ್ಚಿಯಿಂದ ಕೈಯೂರದೆ ಬೇಗ ಏಳುವುದು, ಹಿಮ್ಮಡಿ ಎತ್ತಿ ನಿಲ್ಲುವುದು, ಪಕ್ಕಕ್ಕೆ ದಾಪುಗಾಲು ಹಾಕುವುದು, ಅಡುಗೆಕಟ್ಟೆಯ ಬಳಿ ಒಂಟಿಕಾಲಿನ ತಪಸ್ಸು. ಬಚ್ಚಲಿನ ಗೋಡೆಗೆ ಹಿಡಿಕೆ, ರಾತ್ರಿಯಿಡೀ ಒಂದು ಸಣ್ಣ ದೀಪ. 1997ರಲ್ಲಿ ಆ ದೀಪದ ಬೆಲೆ ಎಷ್ಟಿದ್ದೀತು ಎಂದು ನಾನು ಲೆಕ್ಕ ಹಾಕುವುದಿಲ್ಲ.

ಆದರೆ ಒಂದು ಸಂಗತಿಯನ್ನು ಬರೆಯದೆ ಮುಗಿಸಲಾರೆ. 1994ರಲ್ಲಿ ಜಾನ್ ಜೇಕಾ ಮತ್ತು ಜೇಮ್ಸ್ ಲ್ಯಾಕ್ನರ್ ಎಂಬುವರು, ಒಂದು ಬೆರಳ ತುದಿಯನ್ನು ಅಚಲವಾದ ವಸ್ತುವೊಂದಕ್ಕೆ ಸುಮ್ಮನೆ ತಾಗಿಸಿದರೂ ದೇಹದ ಓಲಾಟ ಕಡಿಮೆಯಾಗುವುದನ್ನು ತೋರಿಸಿದರು. ಒರಗುವುದಲ್ಲ, ಭಾರ ಹಾಕುವುದಲ್ಲ, ಬರಿದೆ ತಾಗುವುದು. ಆ ಸ್ಪರ್ಶ ಆಧಾರ ಕೊಡುವುದಿಲ್ಲ, ಸುದ್ದಿ ಕೊಡುತ್ತದೆ. ಅಮ್ಮ ಬೀಳುವುದಕ್ಕೆ ವರ್ಷ ಮೊದಲಿನಿಂದಲೇ ಕೋಣೆಯಿಂದ ಅಡುಗೆಮನೆಗೆ ಹೋಗುವಾಗ ಬಲಗೈಯ ಬೆರಳನ್ನು ಗೋಡೆಗೆ ತಾಗಿಸಿಕೊಂಡು ನಡೆಯುತ್ತಿದ್ದಳು. ಹೊಸದಾಗಿ ಬಣ್ಣ ಬಳಿಸಿದ ಗೋಡೆ. ಸೊಂಟದೆತ್ತರದಲ್ಲಿ ಎಣ್ಣೆಗೈಯ ಒಂದು ಉದ್ದನೆಯ ಗೆರೆ ಮೂಡಿತು. “ಗೋಡೆ ಕೊಳೆಯಾಗುತ್ತದೆ, ಮುಟ್ಟಬೇಡ” ಎಂದು ನಾನು ಎರಡು ಸಲವಾದರೂ ಹೇಳಿದ್ದೇನೆ. ಆಮೇಲೆ ಅವಳು ಮುಟ್ಟುವುದನ್ನು ಬಿಟ್ಟಳು. ನಾನಿದ್ದಾಗಲಷ್ಟೇ ಬಿಟ್ಟಿದ್ದಳೋ ಏನೋ.

ಮಾಟುಂಗಾಕ್ಕೆ ಈಗಲೂ ಹೋಗುತ್ತೇನೆ. ಯಾರಾದರೂ ಎದ್ದು ಜಾಗ ಕೊಟ್ಟರೆ ಕೂರುತ್ತೇನೆ, ಇಲ್ಲವಾದರೆ ಕಂಬ ಹಿಡಿಯುತ್ತೇನೆ. ಮೆಗಾ ಬ್ಲಾಕಿನ ಪಟ್ಟಿಯನ್ನು ಶನಿವಾರವೇ ಓದಿಕೊಳ್ಳುತ್ತೇನೆ. ಸಂಜೆ ಹೆಂಡತಿ ಮೊಬೈಲಿನ ಗಡಿಯಾರ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತು ಎಣಿಸುತ್ತಾಳೆ. ನಿನ್ನೆ ಬಲಗಾಲಿನಲ್ಲಿ ಒಂಬತ್ತಕ್ಕೆ ಮುಟ್ಟಿದ್ದೆ, ಹತ್ತು ಎನ್ನಬೇಕಾದವಳು ನಿಲ್ಲಿಸಿದಳು.

“ಗೋಡೆ ಮುಟ್ಟಿದಿರಿ. ಇದು ಲೆಕ್ಕಕ್ಕಿಲ್ಲ. ಈಗ ನನ್ನ ಸರದಿ, ನೀವು ಎಣಿಸಿ.”